ಮೂರೂವರೆ ಗಂಟೆಯ ದಾರಿ, ಹನ್ನೆರಡು ಗಂಟೆಯ ಪಯಣ



ದುಬೈಯಿಂದ ಮಂಗಳೂರಿಗೆ ಎಷ್ಟು ಹೊತ್ತಿನ ದಾರಿ ಎಂದು ಕೇಳಿದರೆ ನಾವು ತಟ್ಟನೆ "ಮೂರೂವರೆ, ನಾಲ್ಕು ಗಂಟೆ" ಎನ್ನುತ್ತೇವೆ. ತಪ್ಪೇನಲ್ಲ. ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 2,460 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರಿಗೂ ಮಿಕ್ಕಿ ಹಾರುವ ವಿಮಾನಕ್ಕೆ ಏರಲು, ಇಳಿಯಲು ಬೇಕಾದ ಹೊತ್ತನ್ನೂ ಸೇರಿಸಿದರೆ ಅಷ್ಟೇ ಆಗುತ್ತದೆ. ಆದರೆ ಇದು ವಿಮಾನದ ಲೆಕ್ಕ. ಮನೆಯ ಲೆಕ್ಕ ಬೇರೆ.

ಭಟ್ಕಳದ ಕಡೆಯ ಪರಿಚಿತರ ಮನೆಯೊಂದರಲ್ಲಿ ತಾಯಿ ಸಂಜೆ ತೀರಿಕೊಂಡರು. ದುಬೈಯಲ್ಲಿದ್ದ ಮಗನಿಗೆ ಅದೇ ರಾತ್ರಿ 11.30ರ ವಿಮಾನದಲ್ಲಿ ಟಿಕೆಟ್ ಸಿಕ್ಕಿತು. "ಮೂರು ಗಂಟೆಗೆ ಇಳಿಯುತ್ತಾನೆ, ಆರಕ್ಕೆ ಮನೆಯಲ್ಲಿರುತ್ತಾನೆ" ಎಂದು ಹಿರಿಯರು ಲೆಕ್ಕ ಹಾಕಿ, ಏಳು ಗಂಟೆಗೆ ದಫನವೆಂದು ಎಲ್ಲರಿಗೂ ತಿಳಿಸಿಬಿಟ್ಟರು.

ಮಯ್ಯಿತ್ತನ್ನು ಹೆಚ್ಚು ಹೊತ್ತು ಇಡಬಾರದೆಂಬುದು ಸರಿ. ಆದರೆ ಲೆಕ್ಕ ತಪ್ಪಿತ್ತು. ಟಿಕೆಟ್‌ನಲ್ಲಿ ಹೊರಡುವ ಸಮಯ ಅಲ್ಲಿಯದು, ತಲುಪುವ ಸಮಯ ಇಲ್ಲಿಯದು. ನಮ್ಮ ಗಡಿಯಾರ ದುಬೈಗಿಂತ ಒಂದೂವರೆ ಗಂಟೆ ಮುಂದಿದೆ. ಅಲ್ಲಿ 11.30 ಆದಾಗ ಇಲ್ಲಿ ರಾತ್ರಿ ಒಂದು ಗಂಟೆ. ವಿಮಾನ ಇಳಿದದ್ದು 4.30ಕ್ಕೆ. ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಹೊರಬರಲು ಒಂದು ಗಂಟೆ. ಬಜ್ಪೆಯಿಂದ ಭಟ್ಕಳಕ್ಕೆ ಮತ್ತೆ ಮೂರು ಗಂಟೆಗೂ ಮಿಕ್ಕಿದ ರಸ್ತೆ. ಅವನು ಬಂದಾಗ ಒಂಬತ್ತಾಗಿತ್ತು. ಅಂಗಳದಲ್ಲಿ ಖಾಲಿ ಕುರ್ಚಿಗಳು ಮಾತ್ರ ಇದ್ದವು. ಎರಡು ಗಂಟೆ ತಡೆದಿದ್ದರೆ ಅವನು ತಾಯಿಯ ಮುಖ ನೋಡುತ್ತಿದ್ದ.

ಅವನ ಕಡೆಯಿಂದ ನೋಡಿ. ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಆದ್ದರಿಂದ ಅವನು ರೂಮಿನಿಂದ ಹೊರಟದ್ದು ಅಲ್ಲಿಯ 7.30ಕ್ಕೆ, ಅಂದರೆ ನಮ್ಮ ಒಂಬತ್ತಕ್ಕೆ. ಬಾಗಿಲಿನಿಂದ ಬಾಗಿಲಿಗೆ ಹನ್ನೆರಡು ಗಂಟೆ!

ಇನ್ನೊಂದು ಎಚ್ಚರಿಕೆ. ಟಿಕೆಟ್‌ನಲ್ಲಿ 15ನೇ ತಾರೀಕು 00.30 ಎಂದಿದ್ದರೆ ಅದು 14ರ ರಾತ್ರಿ ಕಳೆದ ಅರ್ಧ ಗಂಟೆ. 15ರ ರಾತ್ರಿ ಪೆಟ್ಟಿಗೆ ಹಿಡಿದು ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ.

ಮಂಗಳೂರಿನಿಂದ ನೇರ ವಿಮಾನ ಆರಂಭವಾದದ್ದು 2006ರಲ್ಲಿ. ಅದಕ್ಕೆ ಮುಂಚೆ ಬಸ್ಸಿನಲ್ಲಿ ಮುಂಬೈಗೆ ಹೋಗಿ ವಿಮಾನ ಹತ್ತುತ್ತಿದ್ದ ಕಾಲವನ್ನು ನಮ್ಮ ತಾಯಂದಿರು ಕಂಡಿದ್ದಾರೆ. ಆಗ ಬರುವವರಿಗಾಗಿ ದಿನಗಟ್ಟಲೆ ಕಾಯುತ್ತಿದ್ದೆವು. ಈಗ ದಾರಿ ಹತ್ತಿರವಾಗಿದೆ, ನಮ್ಮ ತಾಳ್ಮೆಯೂ ಗಿಡ್ಡವಾಗಿದೆ.

ಆದ್ದರಿಂದ ಸಹೋದರಿಯರೇ, ಗಲ್ಫಿನಿಂದ ಬರುವವರಿಗೆ ಫೋನ್ ಮಾಡುವಾಗ "ವಿಮಾನ ಎಷ್ಟಕ್ಕೆ?" ಎಂದಷ್ಟೇ ಕೇಳಬೇಡಿ. "ನಮ್ಮ ಗಡಿಯಾರದಲ್ಲಿ ಎಷ್ಟು ಗಂಟೆಗೆ ಮನೆ ಮುಟ್ಟುತ್ತೀರಿ?" ಎಂದು ಕೇಳಿ. ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಹಿರಿಯರ ಕೈಗೆ ಕೊಡಿ. ಆಮೇಲೆ ಅವರು ಸಮಯ ನಿಶ್ಚಯಿಸಲಿ.