ಮೂರು ಕೆರೆಗಳ ಬಿತ್ತುವಟ್ಟ

ಹೋದ ತಿಂಗಳು ಒಂದು ಮಧ್ಯಾಹ್ನ ಜಯನಗರದ ನಮ್ಮ ಪತ್ರಿಕೆಯ ಕಚೇರಿಗೆ ಒಬ್ಬ ಹುಡುಗಿ ಬಂದಳು. ಕನ್ನಡ ಎಂ.ಎ. ಮಾಡಿ, ನೆಟ್ ಪಾಸಾಗಿ, ಬನಶಂಕರಿ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ವಾಸ ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ. ಮಡಚಿದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಪರಿಸರ ಮಾನವಿಕ ಅಧ್ಯಯನದಲ್ಲಿ ಎರಡು ವರ್ಷದ ಫೆಲೋಶಿಪ್ಪಿಗೆ ಅರ್ಜಿ ಕರೆದ ಜಾಹೀರಾತು ಅದು. ದಕ್ಷಿಣ ಭಾರತದ ಕೆರೆಗಳ ಬಗ್ಗೆ ಕೆಲಸ ಮಾಡುವವರಿಗೆ ಆದ್ಯತೆ ಎಂದಿತ್ತು.

"ನಾನು ಕನ್ನಡ ಎಂ.ಎ., ಮೇಡಂ. ಇದಕ್ಕೆ ಹಾಕಬಹುದಾ?"

ಎರಡು ಸಲ ಓದಿದೆ. ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ, ಭೂಗೋಳ, ಇಂಗ್ಲಿಷ್ ಸಾಹಿತ್ಯ ಅಥವಾ ಸಂಬಂಧಪಟ್ಟ ವಿಷಯದಲ್ಲಿ ಪದವಿ ಬೇಕು. ಸಾವಿರ ಪದಗಳ ಸಂಶೋಧನಾ ಪ್ರಸ್ತಾವ ಇಂಗ್ಲಿಷಿನಲ್ಲಿ ಬೇಕು. ಹಿಂದೆ ಬರೆದ ಪ್ರಬಂಧವೊಂದು ಬೇಕು, ಅದೂ ಇಂಗ್ಲಿಷಿನಲ್ಲೇ. ಶಾಸನ ಓದಲು ಬರುತ್ತದೆಯೇ, ಹಳೆಯ ಕಂದಾಯದ ಕಡತ ಬಿಡಿಸಲು ಬರುತ್ತದೆಯೇ, ಕೆರೆ ಏರಿಯ ಮೇಲೆ ಸಿಕ್ಕ ರೈತನ ಜೊತೆ ಅವನ ಮಾತಿನಲ್ಲೇ ಅರ್ಧ ದಿನ ಕೂತು ಮಾತಾಡಬಲ್ಲಿರಾ ಎಂಬ ಪ್ರಶ್ನೆ ಎರಡು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಈ ಹುಡುಗಿಯ ತಾತ ಮಾಗಡಿ ಸೀಮೆಯ ಒಂದು ಊರಿನಲ್ಲಿ ಕೆರೆಯ ನೀರು ಹಂಚುವ ನೀರುಗಂಟಿಯಾಗಿದ್ದವರು. ಅದನ್ನು ಎಲ್ಲಿ ಬರೆಯುವುದು ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಪರಿಸರ ಮಾನವಿಕ ಎಂಬ ಹೆಸರು ಹೊಸದು. ಕಾಡು, ನದಿ, ಕೆರೆ, ಹವೆಗಳನ್ನು ಅಳೆದು ಲೆಕ್ಕವಿಟ್ಟರೆ ಸಾಲದು, ಅವುಗಳ ಜೊತೆ ಜನ ಬಾಳಿದ ಚರಿತ್ರೆ, ಇಟ್ಟ ಹೆಸರು, ಕಟ್ಟಿದ ಕಥೆ, ಮಾಡಿದ ಅನ್ಯಾಯಗಳನ್ನೂ ಓದಬೇಕು ಎನ್ನುವ ವಿದ್ವತ್ತಿನ ದಾರಿ ಇದು. ಜರ್ಮನಿಯ ಮ್ಯೂನಿಕ್ಕಿನಲ್ಲಿ 2009ರಲ್ಲಿ ರೇಚಲ್ ಕಾರ್ಸನ್ ಹೆಸರಿನಲ್ಲಿ ಇದಕ್ಕೊಂದು ಕೇಂದ್ರ ಶುರುವಾಯಿತು. ದೇಶದೇಶಗಳ ವಿದ್ವಾಂಸರು ಅಲ್ಲಿ ಫೆಲೋಗಳಾಗಿ ಇದ್ದು ಬರೆದು ಹೋಗುತ್ತಾರೆ. ಈ ಹೆಸರು ಬರುವ ಮೊದಲೇ ಬೆಂಗಳೂರು ಈ ಕೆಲಸಕ್ಕೆ ಕೈಹಾಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದ ಮಾಧವ ಗಾಡ್ಗೀಳ್, ಇತಿಹಾಸಕಾರ ರಾಮಚಂದ್ರ ಗುಹಾ ಜೊತೆ ಸೇರಿ 1992ರಲ್ಲಿ ಭಾರತದ ಪರಿಸರ ಚರಿತ್ರೆಯನ್ನೇ ಬರೆದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ 2016ರಲ್ಲಿ ಈ ನಗರದ ನಿಸರ್ಗದ ಬಗ್ಗೆ ಪುಸ್ತಕ ತಂದಾಗ ಶಾಸನ, ಹಳೆಯ ನಕ್ಷೆ, ಹಿರಿಯರ ನೆನಪು ಮೂರನ್ನೂ ಒಟ್ಟಿಗೆ ಇಟ್ಟುಕೊಂಡಿದ್ದರು. ಇಂಥ ವಿಷಯಗಳಿಗೆ ಆಗೀಗ ಹುದ್ದೆ, ಫೆಲೋಶಿಪ್ಪು ಹುಟ್ಟುವುದು ಈ ವಿಶ್ವವಿದ್ಯಾಲಯದಲ್ಲಿ, ಜಕ್ಕೂರಿನ ಏಟ್ರೀ, ನಾಗರಬಾವಿಯ ಐಸೆಕ್, ನಿಯಾಸ್ ಎಂಬ ಸಂಶೋಧನಾ ಸಂಸ್ಥೆಗಳಲ್ಲಿ. ಜಯನಗರದಿಂದ ಬಸ್ಸು ಹತ್ತಿದರೆ ಒಂದೂವರೆ ಗಂಟೆಯ ದಾರಿ. ಕನ್ನಡ ವಿಭಾಗದಿಂದ ಹೊರಟವರಿಗೆ ಮಾತ್ರ ಅದು ಬಹಳ ದೂರ.

ಆ ದಿನ ಆಕೆಗೆ ಒಂದು ಶಾಸನದ ವಿಷಯ ಹೇಳಿದೆ. ಬಿಟಿಎಂನಿಂದ ಸಿಲ್ಕ್ ಬೋರ್ಡ್ ದಾಟಿದರೆ ಅಗರ. ಅಲ್ಲಿ ಗಂಗರ ಕಾಲದ, ಒಂಬತ್ತನೆಯ ಶತಮಾನದ ಕಲ್ಲೊಂದಿದೆ. ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿದವನೊಬ್ಬನಿಗೆ ಮೂರು ಕೆರೆಗಳ ಬಿತ್ತುವಟ್ಟ ಸಿಕ್ಕಿತು ಎನ್ನುವುದು ಅದರ ಸಾರ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಅಚ್ಚು ಹಾಕಿಸಿದ್ದು 1905ರಲ್ಲಿ. ಈಗ ಮಿಥಿಕ್ ಸೊಸೈಟಿಯವರು 2021ರಿಂದ ಊರೂರು ತಿರುಗಿ ಇಂಥ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ.

ಬಿತ್ತುವಟ್ಟ ಎಂದರೆ ಕೆರೆ ಕಟ್ಟಿದವರಿಗೆ, ಕಾದವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಯ ಪಾಲು. ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಮಾತುಗಳೂ ಶಾಸನಗಳಲ್ಲಿ ಬರುತ್ತವೆ. ನೀರನ್ನು ಬಲ್ಲವನ ಹೊಟ್ಟೆಪಾಡು ಊರಿನ ಹೊಣೆ ಎಂಬ ತಿಳಿವಳಿಕೆ ಈ ನೆಲದಲ್ಲಿ ಸಾವಿರದ ನೂರು ವರ್ಷದ ಹಿಂದೆಯೇ ಇತ್ತು. ಆದರೆ ಓದಿಗೆ ಸಿಗುತ್ತಿದ್ದ ದತ್ತಿ ಬೇರೆಯವರದು. ಅಗ್ರಹಾರ, ಬ್ರಹ್ಮಪುರಿಗಳಲ್ಲಿ ಅದು ಒಂದು ಜಾತಿಯ ಮನೆಗಳಿಗೇ ಹೋಯಿತು. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ನೀರುಗಂಟಿತನ ದಲಿತ ಮನೆತನಗಳ ಕೆಲಸ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕೋಡಿ ಬಿದ್ದ ವರ್ಷ ಏನು ಮಾಡಬೇಕು, ಬರದಲ್ಲಿ ಅಚ್ಚುಕಟ್ಟಿನ ಯಾವ ಭಾಗವನ್ನು ಬೀಳು ಬಿಡಬೇಕು ಎನ್ನುವುದೆಲ್ಲ ಅವರ ತಲೆಯಲ್ಲಿತ್ತು, ಯಾರೂ ಬರೆದಿಡಲಿಲ್ಲ. ನೀರು ಬಲ್ಲವರ ಕೈಗೆ ಅಕ್ಷರ ಕೊಡಲಿಲ್ಲ, ಅಕ್ಷರ ಬಲ್ಲವರು ತೂಬಿನ ಹತ್ತಿರ ಹೋಗಲಿಲ್ಲ. ಈಗ ಮೊದಲ ಸಲ ಎರಡೂ ಒಂದೇ ಕೈಗೆ ಬಂದಿವೆ. ನಮ್ಮ ಮೇಜಿನ ಆಚೆ ಕೂತಿದ್ದ ಹುಡುಗಿ ಹಳಗನ್ನಡ ಓದಬಲ್ಲವಳು, ನೀರುಗಂಟಿಯ ಮೊಮ್ಮಗಳು. ಅಂಥವಳು ತಾನು ಅರ್ಹಳೇ ಎಂದು ಕೇಳಬೇಕಾಗಿ ಬಂದದ್ದು ನನ್ನನ್ನು ಬಹಳ ದಿನ ಕಾಡಿತು.

ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಸಂದ್ರ ಎಂಬುದು ಸಮುದ್ರದ ಸವೆದ ರೂಪ, ದೊಡ್ಡ ಕೆರೆಗೆ ನಮ್ಮವರು ಕೊಟ್ಟ ಹೆಸರು. ತಾವರೆಕೆರೆಗೆ ವಿವರಣೆ ಬೇಡ. ಮಡಿವಾಳದ ಕೆರೆ ಈಗಲೂ ಇದೆ. ಮೂರು ಇಂಗ್ಲಿಷ್ ಅಕ್ಷರಗಳ ಅಡಿಯಲ್ಲಿ ಇಷ್ಟು ನೀರು ಅಡಗಿದೆ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದ ಮೆಟ್ರೋದಲ್ಲಿ ಆ ಅಕ್ಷರಗಳಿಗಿಂತ ಎರಡು ನಿಲ್ದಾಣ ಮೊದಲು ರಾಗಿಗುಡ್ಡ ಬರುತ್ತದೆ. ಅಲ್ಲಿ ಧ್ವನಿವರ್ಧಕ ಹೆಸರು ಕೂಗಿದಾಗಲೆಲ್ಲ ನನಗೆ ರಾಗಿ ಒಕ್ಕುವ ಕಣದ ಚಿತ್ರ ಬರುತ್ತದೆ. ಹೆಸರುಗಳೇ ದಾಖಲೆಯಾಗಿರುವ ಇಂಥ ಊರಿನ ಪರಿಸರ ಚರಿತ್ರೆಯನ್ನು ಕನ್ನಡ ಬಾರದೆ ಬರೆಯುವುದು ಹೇಗೆ? ಬವೇರಿಯಾದ ಕಾಡಿನ ಇತಿಹಾಸ ಬರೆಯುವವರು ಜರ್ಮನ್ ಓದಲು ಬರದೆ ಪತ್ರಾಗಾರದ ಬಾಗಿಲು ತಟ್ಟುವುದಿಲ್ಲ.

ಆಕೆ ಕಾಲೇಜಿನಲ್ಲಿ ಕನ್ನಡದ ಜೊತೆ ಪರಿಸರ ಅಧ್ಯಯನವನ್ನೂ ಪಾಠ ಮಾಡುತ್ತಾಳೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಿಂದ ಬೆಳೆದು ಬಂದು ಎಲ್ಲ ಪದವಿ ತರಗತಿಗಳಿಗೂ ಕಡ್ಡಾಯವಾದ ವಿಷಯ ಅದು. ಕಡ್ಡಾಯವಾಯಿತು, ಆದರೆ ಅದಕ್ಕೆಂದೇ ಅಧ್ಯಾಪಕರನ್ನು ತೆಗೆದುಕೊಂಡ ಕಾಲೇಜು ನಾನು ಕಂಡದ್ದು ಕಡಿಮೆ. ಕಾರ್ಯಭಾರ ಸಾಲದವರ ತಲೆಗೆ ಹಾಕುವುದೇ ಹೆಚ್ಚು. ಆಕೆ ಪಠ್ಯ ಮುಚ್ಚಿಟ್ಟು ಮಕ್ಕಳನ್ನು ಜೆ.ಪಿ. ನಗರದ ಸಾರಕ್ಕಿ ಕೆರೆಗೆ ಕರೆದುಕೊಂಡು ಹೋದಳು. 2015ರಲ್ಲಿ ಒತ್ತುವರಿ ತೆರವಾದ ಕೆರೆ ಅದು. ಏರಿಯ ಮೇಲೆ ನಿಲ್ಲಿಸಿ, ನಿಮ್ಮ ನಿಮ್ಮ ಹಿರಿಯರ ಊರಿನ ಕೆರೆಯ ಹೆಸರೇನು, ತೂಬು ಎತ್ತುತ್ತಿದ್ದವರು ಯಾರು ಎಂದು ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದಳು. ಪರಿಸರ ಮಾನವಿಕದ ಪಾಠ ಇದಕ್ಕಿಂತ ಬೇರೆ ಇರಲಾರದು. ಆದರೆ ನೆಟ್ ಪರೀಕ್ಷೆಯ ಪಟ್ಟಿಯಲ್ಲಿ ಕನ್ನಡ ಒಂದು ವಿಷಯ, ಪರಿಸರ ವಿಜ್ಞಾನ ಇನ್ನೊಂದು. ನಡುವೆ ನಿಂತವರಿಗೆ ಹೆಸರಿಲ್ಲ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಸಿಗದವರು ಅತಿಥಿಗಳಾಗಿಯೇ ವರ್ಷಗಳನ್ನು ಕಳೆಯುತ್ತಾರೆ.

ದೂರನ್ನು ಒಂದೇ ಕಡೆಗೆ ಹೊರಿಸಲಾರೆ. ನಮ್ಮ ಕನ್ನಡ ವಿಭಾಗಗಳೂ ಈ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡಿವೆ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಹುಟ್ಟಿದ್ದು ವಿದ್ಯಾರ್ಥಿಗಳ ಜೊತೆ ಗಿಡ ಹುಡುಕುತ್ತ ಅಲೆದ ಪ್ರವಾಸಗಳಲ್ಲಿ; ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡ ಎಂ.ಎ. ಓದಿದ ಕಾದಂಬರಿಕಾರ ಪೂರ್ಣಚಂದ್ರ ತೇಜಸ್ವಿ ಅಧ್ಯಾಪಕರಾಗದೆ ಮೂಡಿಗೆರೆಯ ತೋಟಕ್ಕೆ ಹೋದರು. ಇವರ ಪುಸ್ತಕಗಳ ಮೇಲೆ ನಾವು ಪಿಎಚ್.ಡಿ. ಕೊಡುತ್ತೇವೆ, ಇವರಂತೆ ಹೊರಗೆ ಹೋಗಿ ನೋಡಿ ಬರೆದದ್ದನ್ನು ಸಂಶೋಧನೆ ಎಂದು ಒಪ್ಪುವುದಿಲ್ಲ. ತೇಜಸ್ವಿ ಕಾದಂಬರಿಗಳಲ್ಲಿ ಪರಿಸರ ಪ್ರಜ್ಞೆ ಎಂಬ ಶೀರ್ಷಿಕೆಯ ಸಮೀಪದ ಲೇಖನಗಳು ನಮಗೂ ವರ್ಷಕ್ಕೆ ಹತ್ತಾರು ಬರುತ್ತವೆ. ಹಾಗೆ ಬರೆಯುವ ಜಾಣರಲ್ಲಿ ಒಬ್ಬರಾದರೂ ಒಂದು ಹಳ್ಳಿಯ ನೀರಿನ ಲೆಕ್ಕವನ್ನು ಕೇಳಿ ಬರೆದುಕೊಂಡು ಬರಲಿ ಎಂದು ಆಸೆಪಡುತ್ತೇನೆ.

ಬಾಗಿಲು ತೆರೆಯುವುದು ಕಷ್ಟವೇನಲ್ಲ. ಬೆಂಗಳೂರಿನಲ್ಲೇ 1993ರಲ್ಲಿ ಶುರುವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅರ್ಜಿಯನ್ನು ಯಾವ ಭಾರತೀಯ ಭಾಷೆಯಲ್ಲಿ ಬರೆದರೂ ತೆಗೆದುಕೊಳ್ಳುತ್ತದೆ. ನ್ಯೂ ಇಂಡಿಯಾ ಫೌಂಡೇಶನ್ನಿನ ಅನುವಾದ ಫೆಲೋಶಿಪ್ಪು ಮೊದಲ ಸುತ್ತಿನಲ್ಲೇ ಡಿ.ಆರ್. ನಾಗರಾಜರ ಅಲ್ಲಮಪ್ರಭು ಕುರಿತ ಪುಸ್ತಕಕ್ಕೆ ಸಿಕ್ಕಿತು. ಪರಿಸರದ ಹೆಸರಿನಲ್ಲಿ ಹಣ ಕೊಡುವವರೂ ಇಷ್ಟು ಮಾಡಲಿ: ಕರ್ನಾಟಕದ ನೀರು, ಕಾಡು, ಹೊಲದ ಮೇಲಿನ ಸಂಶೋಧನೆಗೆ ಕನ್ನಡ ಓದುಬರಹವನ್ನು ಅರ್ಹತೆಯೆಂದು ಬರೆಯಲಿ, ಪ್ರಸ್ತಾವವನ್ನು ಕನ್ನಡದಲ್ಲಿ ತೆಗೆದುಕೊಳ್ಳಲಿ. ಪದವಿಯ ಹಂಗಿಲ್ಲದ, ಆರು ತಿಂಗಳ ಸಣ್ಣ ಫೆಲೋಶಿಪ್ಪುಗಳೂ ಇರಲಿ. ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಲು 2010ರಲ್ಲಿ ನೆರೆಹೊರೆಯವರ ಟ್ರಸ್ಟ್ ಕಟ್ಟಿದವರಲ್ಲಿ ಮುಂದೆ ನಿಂತ ಉಷಾ ರಾಜಗೋಪಾಲನ್ ಕಾದಂಬರಿಕಾರ್ತಿ, ಸುಬ್ರಹ್ಮಣ್ಯ ಭಾರತಿಯ ಅನುವಾದಕಿ. ಸಾಹಿತ್ಯದಿಂದ ಕೆರೆಯ ದಂಡೆಗೆ ಹೋದ ಇಂಥವರಿಗೆ, ದಂಡೆಯಿಂದ ಸಾಹಿತ್ಯಕ್ಕೆ ಬರಬೇಕಾದ ನೀರುಗಂಟಿಗಳ ಮಕ್ಕಳಿಗೆ, ಕೂತು ಬರೆಯುವಷ್ಟು ಕಾಲ ಕೊಡುವ ಬಿತ್ತುವಟ್ಟ ಬೇಕು.

ಹಾಕು ಎಂದೆ. ಮೂರು ಶನಿವಾರ ಆಕೆ ಕಚೇರಿಗೆ ಬಂದಳು. ಪ್ರಸ್ತಾವವನ್ನು ಮೊದಲು ಕನ್ನಡದಲ್ಲಿ ಪೂರ್ತಿ ಬರೆದಳು, ಆಮೇಲೆ ಇಬ್ಬರೂ ಕೂತು ಇಂಗ್ಲಿಷಿಗೆ ತಂದೆವು. ತೂಬು, ಕೋಡಿ, ಅಚ್ಚುಕಟ್ಟು, ಬಿತ್ತುವಟ್ಟ ಎಂಬ ಮಾತುಗಳನ್ನು ಅನುವಾದಿಸಲು ಆಕೆ ಒಪ್ಪಲಿಲ್ಲ. ಅವು ಹಾಗೇ ಇವೆ. ಕೊನೆಯ ದಿನಕ್ಕೆ ಎರಡು ದಿನ ಮೊದಲು ಅರ್ಜಿ ಹೋಯಿತು. ಉತ್ತರ ಇನ್ನೂ ಬಂದಿಲ್ಲ.

ಆಕೆಯ ವಿದ್ಯಾರ್ಥಿಗಳು ಮನೆಮನೆಯಿಂದ ಕೇಳಿ ತಂದ ಕೆರೆಗಳ ಪಟ್ಟಿಯನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೇವೆ. ಕೆರೆಯ ಹೆಸರಿನ ಪಕ್ಕ ತೂಬು ಎತ್ತುತ್ತಿದ್ದವರ ಹೆಸರಿಗೂ ಜಾಗವಿದೆ, ಬಹಳ ಕಡೆ ಅದು ಖಾಲಿಯಿದೆ. ನಿಮ್ಮ ಊರಿನ ಕೆರೆ ಪಟ್ಟಿಯಲ್ಲಿ ಇದ್ದು, ಆ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿದ್ದರೆ ಒಂದು ಕಾರ್ಡು ಬರೆದು ಹಾಕಿ.