ಓಡಿಸೋಳು ನಾನು, ಓಡಿಸಿ ನೋಡೋಳೂ ನಾನೇ ಆಗ್ಬೇಕು

ಹೋದ ತಿಂಗಳು ಮಗ ಬೆಂಗಳೂರಿಂದ ಫೋನ್ ಮಾಡಿ, “ಅಮ್ಮ, ನಿನ್ನ ಹಳೇ ಸ್ಕೂಟಿ ಯಾರಿಗಾದ್ರೂ ಕೊಟ್ಬಿಡು, ಹೊಸ ಗಾಡಿ ಬುಕ್ ಮಾಡ್ತಿದೀನಿ, ಯಾವ ಬಣ್ಣ ಬೇಕು ಹೇಳು” ಅಂದ. ಖುಷಿ ಆಗ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅವನು ಕೇಳಿದ್ದು ಬಣ್ಣ ಒಂದೇ. ಗಾಡಿ ಎಷ್ಟು ಎತ್ತರ ಇದ್ರೆ ನಿಂಗೆ ಕಾಲು ಸಿಗುತ್ತೆ, ಎಷ್ಟು ಭಾರ ತಡೀತೀಯ, ಮಂಡಿ ನೋವು ಹೇಗಿದೆ, ಇದ್ಯಾವುದನ್ನೂ ಕೇಳ್ಲಿಲ್ಲ. “ಬುಕ್ ಮಾಡ್ಬೇಡ, ನಾನು ಓಡಿಸಿ ನೋಡಿ ಹೇಳ್ತೀನಿ” ಅಂದೆ. ಅವನು ನಕ್ಕ. “ಎಲ್ಲಾ ಸ್ಕೂಟರ್ ಒಂದೇ ಅಮ್ಮ” ಅಂದ. ಒಂದೇ ಅಲ್ಲ ಕಣ್ರೇ. ಅದನ್ನ ಹೇಳೋಕೇ ಇವತ್ತು ಬರೀತಿದೀನಿ.

ನಿಮಗೆ ಗೊತ್ತಿರೋ ಹಾಗೆ ನಾನಿರೋದು ಅಜ್ಜಂಪುರದಲ್ಲಿ, ತವರು ಕಡೂರು, ಮಗಳನ್ನ ಕೊಟ್ಟಿರೋದು ತರೀಕೆರೆಗೆ. 2011ರಲ್ಲಿ ತಗೊಂಡ ಸ್ಕೂಟಿ ಪೆಪ್ ಪ್ಲಸ್ ನನ್ನದು, ಕೆಎ 18 ನಂಬರ್ ಪ್ಲೇಟಿಂದು. ಆಗ ಮನೇಲಿ ಗಾಡಿ ಅಂದ್ರೆ ಇವರ ಬೈಕೇ. ನನ್ನದು ತರಕಾರಿಗೆ, ಮಗಳನ್ನ ಟ್ಯೂಷನ್ನಿಗೆ ಬಿಡೋಕೆ ಅಷ್ಟೇ. ಎರಡು ವರ್ಷದ ಹಿಂದೆ ಶುಗರ್‌ನಿಂದ ಇವರ ಕಣ್ಣು ಮಂಜಾಯ್ತು. ಬೈಕ್ ಕೀ ತಾವೇ ತಂದು ದೇವರ ಮನೆ ಗೂಡಲ್ಲಿ ಇಟ್ಟರು, ಒಂದು ಮಾತೂ ಆಡ್ಲಿಲ್ಲ. ಅವತ್ತಿಂದ ತೋಟಕ್ಕೆ, ಬ್ಯಾಂಕಿಗೆ, ಕಣ್ಣಿನ ಡಾಕ್ಟರ ಹತ್ರಕ್ಕೆ ಎಲ್ಲಾದಕ್ಕೂ ನನ್ನ ಸ್ಕೂಟಿನೇ. ಇವರು ಹಿಂದೆ ಕೂರ್ತಾರೆ. ಹಾಗಾಗಿ ನನಗೆ ಒಗ್ಗದ ಗಾಡಿ ಬಂದ್ರೆ ನಿಲ್ಲೋದು ಇಬ್ಬರ ಓಡಾಟ.

ಒಗ್ಗದ ಗಾಡಿ ಏನು ಮಾಡುತ್ತೆ ಅಂತ ಕಣ್ಣಾರೆ ನೋಡಿದೀನಿ. ನಮ್ಮ ಬಳಗದಲ್ಲೇ ಒಬ್ಬರಿಗೆ ಮಗ ದುಬಾರಿ ಸ್ಕೂಟರ್ ತಂದುಕೊಟ್ಟ. ಕೂತರೆ ಬೆರಳ ತುದಿ ಮಾತ್ರ ನೆಲಕ್ಕೆ ಮುಟ್ಟೋದು. ಒಂದ್ಸಲ ಗೇಟ್ ಹತ್ರ ವಾಲಿತು, ಹಿಡಿಯೋಕೆ ಆಗ್ಲಿಲ್ಲ, ಬಿದ್ದರು. ಮೂಳೆ ಏನೂ ಮುರೀಲಿಲ್ಲ, ಧೈರ್ಯ ಮುರೀತು. ಈಗ ಆ ಗಾಡಿ ಮೇಲೆ ಹಳೇ ಸೀರೆ ಹೊದಿಸಿಟ್ಟಿದ್ದಾರೆ. ಹತ್ತು ವರ್ಷ ಸ್ವಂತ ಗಾಡೀಲಿ ಓಡಾಡಿದ ಹೆಂಗಸು ಆಟೋ ಕಾಯ್ತಾ ನಿಂತಿರ್ತಾರೆ. ಮಗನ ಮೇಲೆ ತಪ್ಪು ಹೊರಿಸಲ್ಲ, ಪ್ರೀತಿಯಿಂದಲೇ ತಂದಿದ್ದ. ಅಳತೆ ಮಾತ್ರ ತಗೊಂಡಿರ್ಲಿಲ್ಲ. ರವಿಕೆ ಹೊಲಿಸೋಕೆ ಅಳತೆ ಕೊಡ್ತೀವಿ, ಚಪ್ಪಲಿ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡ್ತೀವಿ. ಲಕ್ಷದ ಹತ್ರ ಬೆಲೆಯ ಗಾಡಿಯನ್ನ ಮಾತ್ರ ಬೇರೆಯವರ ಮಾತಿನ ಮೇಲೆ ತಗೋತೀವಿ.

ಮೊದಲು ಅಳಿಯನ ಜೊತೆ ಒಂದು ಶೋರೂಮಿಗೆ ಹೋದೆ. ಹೆಸರು ಬ್ಯಾಡ, ಎಲ್ಲಾ ಕಡೆ ಹೀಗೇ ಇರುತ್ತೆ. ಹುಡುಗ ಕೀ ತಂದು ನೇರ ಅಳಿಯನ ಕೈಗೆ ಕೊಟ್ಟ. “ಸಾರ್, ಒಂದು ರೌಂಡ್ ಹೋಗ್ಬನ್ನಿ.” ಅಳಿಯ ಆರಡಿ ಆಳು. ಹೋಗಿ ಬಂದು “ಬೆಣ್ಣೆ ಹಂಗಿದೆ ಅತ್ತೆ” ಅಂದ. ಅವನಿಗೆ ಬೆಣ್ಣೆನೇ. ನಾನೂ ಓಡಿಸ್ಬೇಕು ಅಂದಾಗ ಹುಡುಗ ಲೈಸೆನ್ಸ್ ಇದೆಯಾ ಆಂಟಿ ಅಂದ. ಕೇಳಿದ್ದು ಸರಿ, ಆದ್ರೆ ಅಳಿಯನ್ನ ಕೇಳಿರ್ಲಿಲ್ಲ. ಪರ್ಸಿಂದ ತೆಗೆದು ತೋರಿಸಿದೆ.

ಇಲ್ಲೊಂದು ಮಾತು ಹೇಳಿಬಿಡ್ತೀನಿ, ನಮ್ಮ ವಯಸ್ಸಿನವರಿಗೆ ಬೇಕಾಗಿದ್ದು. 50ರಿಂದ 55 ವರ್ಷದ ಒಳಗೆ ಲೈಸೆನ್ಸ್ ರಿನ್ಯೂ ಮಾಡಿಸಿದ್ರೆ ಅದು 60 ತುಂಬೋವರೆಗೂ ನಡೆಯುತ್ತೆ. 55 ದಾಟಿದ ಮೇಲೆ ಐದೈದು ವರ್ಷಕ್ಕೆ ಮಾತ್ರ. ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟೂ ಬೇಕು. ತಾರೀಖು ಒಮ್ಮೆ ತೆಗೆದು ನೋಡ್ಕೊಳ್ಳಿ, ಬೀರುವಿನಲ್ಲೇ ಅವಧಿ ಮುಗಿದುಹೋಗಿರುತ್ತೆ.

ಅವತ್ತು ಓಡಿಸಿದ್ದು ನುಣ್ಣಗಿನ ರಸ್ತೇಲಿ, ಪೆಟ್ರೋಲ್ ಬಂಕ್‌ವರೆಗೆ. ಇಳಿದಾಗ ನನಗೆ ಆ ಗಾಡಿ ಒಂಚೂರೂ ಹಿಡಿಸ್ಲಿಲ್ಲ. ಭಾರ ಅನ್ನಿಸ್ತು, ಬ್ರೇಕ್ ಗಕ್ಕನೆ ಹಿಡಿದ ಹಂಗಾಯ್ತು, ಹಾರ್ನ್ ಗುಂಡಿಗೆ ಹುಡುಕಾಡಿದೆ. ನಂದೇ ಚೆನ್ನಾಗಿದೆ ಅಂತ ಮನೆಗೆ ಬಂದು ಸಾರಿದೆ. ರಾತ್ರಿ ಮಲಗಿದಾಗ ಅನ್ನಿಸ್ತು, ಇದು ನ್ಯಾಯವಾದ ಹೋಲಿಕೆನಾ ಅಂತ. ಹದಿಮೂರು ಹದಿನಾಲ್ಕು ವರ್ಷ ಕೈಗೆ ಹತ್ತಿದ ಗಾಡೀನ, ಹತ್ತು ನಿಮಿಷ ಓಡಿಸಿದ ಗಾಡಿ ಜೊತೆ ತೂಗಿದ್ರೆ ಹಳೇದೇ ಗೆಲ್ಲೋದು. ಸೊಸೆ ಮಾಡಿದ ಮೊದಲನೇ ದಿನದ ಸಾರಿಗೆ ಉಪ್ಪು ಕಮ್ಮಿ ಅನ್ನೋ ಅತ್ತೆ ಥರ ಆಯ್ತು ನನ್ನ ತೀರ್ಪು.

ಅದಕ್ಕೇ ಮುಂದಿನ ವಾರ ಕಡೂರಿಗೆ ಹೋದಾಗ ಬೇರೆ ಶೋರೂಮಲ್ಲಿ ಮತ್ತೆ ನೋಡಿದೆ. ಈ ಸಲ ನನ್ನ ಸ್ಕೂಟೀಲೇ ಹೋಗಿದ್ದೆ, ಇವರೂ ಜೊತೆಗಿದ್ರು. ಒಂದೇ ದಿನ, ಒಂದೇ ದಾರೀಲಿ, ಮೊದಲು ನಂದು, ಆಮೇಲೆ ಹೊಸದು. ಹೈವೇ ಬ್ಯಾಡ ಅಂತ ಜಲ್ಲಿ ಎದ್ದ ಓಣಿಯನ್ನ ಹುಡುಕಿದೆ, ಎರಡು ಹಂಪ್, ಒಂದು ಏರು ಇತ್ತು. ಮೊದಲು ಒಬ್ಬಳೇ, ಆಮೇಲೆ ಇವರನ್ನ ಹಿಂದೆ ಕೂರಿಸ್ಕೊಂಡು. ಹಿಂದೆ ಕೂತೋರಿಗೂ ಹೆಲ್ಮೆಟ್ ಬೇಕು, ನಮ್ಮ ರಾಜ್ಯದಲ್ಲಿ 2016ರಿಂದ ಕಡ್ಡಾಯ ಮಾಡಿದ್ದಾರೆ. ಇಬ್ಬರ ಹೆಲ್ಮೆಟ್ಟೂ ಮನೆಯಿಂದಲೇ ಒಯ್ದಿದ್ವಿ.

ಆಗ ತಿಳೀತು. ತೂಕದಲ್ಲಿ ನಂದೇ ಮೇಲು. ಪೆಪ್ ಪ್ಲಸ್ 95 ಕೆಜಿ ಆಸುಪಾಸು, ಈಗಿನ 110 ಸಿಸಿ ಗಾಡಿಗಳು ಸಾಮಾನ್ಯವಾಗಿ 103ರಿಂದ 110 ಕೆಜಿ. ಹತ್ತು ಕೆಜಿ ಏನ್ಮಹಾ ಅನ್ನಬೇಡಿ. ಗಾಡಿ ಓಡ್ತಿರುವಾಗ ಗೊತ್ತಾಗಲ್ಲ, ನಡುಸ್ಟ್ಯಾಂಡ್ ಹಾಕುವಾಗ, ಅಂಗಳದಲ್ಲಿ ಹಿಂದಕ್ಕೆ ತಳ್ಳುವಾಗ ಸೊಂಟಕ್ಕೆ ಗೊತ್ತಾಗುತ್ತೆ. ಹೊಸ ಗಾಡಿಗೆ ಮುಂದಿನ ಚಕ್ರ 12 ಇಂಚು, ನಂದು ಎರಡೂ 10 ಇಂಚು. ದೊಡ್ಡ ಚಕ್ರ ಗುಂಡಿ ಮೇಲೆ ಹತ್ತಿ ಇಳಿಯುತ್ತೆ, ಸಣ್ಣದು ಗುಂಡಿ ಒಳಕ್ಕೇ ಬೀಳುತ್ತೆ. ಇವರು ಹಿಂದಿಂದ “ಬೆನ್ನು ಕುಕ್ಕಲಿಲ್ಲ ಕಣೇ” ಅಂದ್ರು.

ಬ್ರೇಕಿನ ವಿಷಯ ಕೇಳಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಲ್ಲಿ ಎರಡೂ ಚಕ್ರ ಒಟ್ಟಿಗೆ ಹಿಡಿಯೋ ಬ್ರೇಕ್ ಅಥವಾ ಎಬಿಎಸ್ ಇರ್ಲೇಬೇಕು. ಎಡಗೈ ಬ್ರೇಕ್ ಒತ್ತಿದ್ರೂ ಮುಂದಿನ ಚಕ್ರಕ್ಕೂ ಸ್ವಲ್ಪ ಹೋಗುತ್ತೆ. ಮೊದಲ ದಿನ ಗಕ್ಕನೆ ಹಿಡೀತು ಅಂತ ಬೈದಿದ್ದು ಇದನ್ನೇ. ಅವತ್ತು ಹೊಸದನ್ನ ಇಳಿಸಿ ನನ್ನ ಸ್ಕೂಟಿ ಹತ್ತಿ ಬರುವಾಗ ಎದುರಿಗೆ ಕುರಿ ಮಂದೆ ಬಂತು. ಬ್ರೇಕ್ ಒತ್ತಿದೆ, ಗಾಡಿ ನಿಂತಿದ್ದು ನಾನು ಅಂದ್ಕೊಂಡಿದ್ದಕ್ಕಿಂತ ಎರಡು ಮಾರು ಮುಂದೆ. ಎದೆ ಧಸಕ್ ಅಂತು. ಮೆಕ್ಯಾನಿಕ್ ಬಿಚ್ಚಿದ್ರೆ ಬ್ರೇಕ್ ಶೂ ಸವೆದು ಕಾಗದ ಆಗಿತ್ತು. ಸರ್ವೀಸಿಗೆ ಬಿಡದೆ ತಳ್ಳಿಕೊಂಡು ಬಂದವಳು ನಾನೇ, ಗಾಡೀದೇನು ತಪ್ಪು? ಸವೆತ ದಿನಾ ಕೂದಲೆಳೆಯಷ್ಟು ಆಗುತ್ತೆ, ಕೈ ಅದಕ್ಕೆ ತಕ್ಕಂಗೆ ಬಿಗಿ ಹಿಡಿಯೋದು ಕಲಿಯುತ್ತೆ. ಬೇರೆ ಗಾಡಿ ಓಡಿಸಿ ನೋಡದಿದ್ರೆ, ಕಣ್ಣು ಕಾಣದ ಮನುಷ್ಯನ್ನ ಹಿಂದೆ ಕೂರಿಸ್ಕೊಂಡು ಇನ್ನೂ ಎಷ್ಟು ದಿನ ಹಂಗೇ ಓಡಾಡ್ತಿದ್ನೋ. ತಗೊಳ್ಳಿ, ಬಿಡಿ, ವರ್ಷಕ್ಕೊಂದ್ಸಲ ಇನ್ನೊಬ್ಬರ ಗಾಡಿ ಒಂದು ಸುತ್ತು ಓಡಿಸಿ ನೋಡಿ ಅಂತ ಅದಕ್ಕೇ ಹೇಳ್ತೀನಿ.

ಕರೆಂಟ್ ಗಾಡೀನೂ ನೋಡಿದೆ. ಶಬ್ದ ಇಲ್ಲ, ಹೊಗೆ ಇಲ್ಲ, ಕೆಲವಕ್ಕೆ ಹಿಂದಕ್ಕೆ ಚಲಿಸೋ ಗುಂಡಿನೂ ಇದೆ. ಆ ಗುಂಡಿ ನೋಡಿ ಆಸೆ ಆಗಿದ್ದು ನಿಜ. ಆದ್ರೆ ದೊಡ್ಡ ಬ್ಯಾಟರಿಯವು 115 ಕೆಜಿ ದಾಟ್ತವೆ. ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್ ಅಂತ ಬರೆದಿರೋದು ಪರೀಕ್ಷೆಯ ಲೆಕ್ಕ, ಇಬ್ಬರು ಕೂತು ಏರು ಹತ್ತಿದ್ರೆ ಕಮ್ಮಿನೇ ಬರೋದು. ಊರೊಳಗೆ ಮಾತ್ರ ಓಡಾಡೋರಿಗೆ ಒಳ್ಳೇದು. ನನಗೆ ತರೀಕೆರೆಗೆ ಹೋಗಿ ಸಂಜೆ ವಾಪಸ್ ಬರೋದಿರುತ್ತೆ, ಮಳೇಲಿ ಕರೆಂಟ್ ಹೋದ್ರೆ ಬೆಳಗ್ಗೆ ಗಾಡಿ ಖಾಲಿ. ಈಗ ಬ್ಯಾಡ ಅನ್ನಿಸ್ತು.

“ಇಷ್ಟೆಲ್ಲಾ ಕೇಳಿದ್ರೆ ಶೋರೂಮಿನವರು ಏನಂದ್ಕೊಳ್ತಾರೆ” ಅಂತ ನಮ್ಮವರೇ ಅಂತಾರೆ. ನಾನೂ ಹಾಗೇ ಇದ್ದವಳು. ಓಡಿಸಿ ನೋಡಿದ ಮೇಲೆ ತಗೊಳ್ಳದೆ ಬಂದ್ರೆ ಮರ್ಯಾದೆ ಅಲ್ಲ ಅನ್ನೋ ಸಂಕೋಚ. ಸೀರೆ ಅಂಗಡೀಲಿ ನಲವತ್ತು ಸೀರೆ ಬಿಚ್ಚಿಸಿ ಬರಿಗೈಲಿ ಎದ್ದು ಬರ್ತೀವಿ, ಅಲ್ಲಿಲ್ಲದ ಸಂಕೋಚ ಇಲ್ಯಾಕೆ? ನನ್ನ ಚಿಕ್ಕಂದಿನಲ್ಲಿ ಗೇರ್ ಹಾಕೋಕೆ ಬರಲ್ಲ ಅಂತ ಹೆಂಗಸರನ್ನ ಗಾಡಿ ಹತ್ರ ಸೇರಿಸ್ತಿರ್ಲಿಲ್ಲ. 1984ರಲ್ಲಿ ಗೇರಿಲ್ಲದ, ಗುಂಡಿ ಒತ್ತಿದ್ರೆ ಸ್ಟಾರ್ಟ್ ಆಗೋ ಕೈನೆಟಿಕ್ ಹೋಂಡಾ ಬಂತು, ಆ ನೆಪ ಹೋಯ್ತು. ಓಡಿಸೋಕೆ ಕಲಿತ್ವಿ, ಆರಿಸೋದನ್ನ ಮಾತ್ರ ಇನ್ನೂ ಗಂಡು ಮಕ್ಕಳಿಗೇ ಬಿಟ್ಟಿದೀವಿ.

ಕೊನೆಗೆ ಮಗ ಹೇಳಿದ 125 ಸಿಸಿ ಬಿಟ್ಟೆ. ಎರಡು ಪಾದವೂ ನೆಲಕ್ಕೆ ಪೂರ್ತಿ ಊರೋ, ನಾನೇ ನಡುಸ್ಟ್ಯಾಂಡ್ ಹಾಕೋಕಾದ 110 ಸಿಸಿ ಗಾಡಿ ಹೇಳಿದೀನಿ. ಪೆಪ್ಪಿಗೆ ಹೊಸ ಬ್ರೇಕ್ ಶೂ ಹಾಕ್ಸಿದೆ, ಅದು ಮಗಳ ಮನೆಗೆ ಹೋಗುತ್ತೆ. ಅವಳೂ ಮೊದಲು ಓಡಿಸಿ ನೋಡ್ಲಿ, ಒಗ್ಗದಿದ್ರೆ ಬ್ಯಾಡ ಅನ್ನಲಿ ಅಂತ ಹೇಳಿದೀನಿ.

ಮಗನಿಗೆ ಫೋನ್ ಮಾಡಿ ಗಾಡಿ ಹೆಸರು ಹೇಳ್ದೆ. “ಬಣ್ಣ?” ಅಂದ. ಅದನ್ನ ನೀನೇ ಆರಿಸಪ್ಪ ಅಂದೆ.