ಸ್ವೆಟರ್ ಮಾರುವವರ ಆರ್‌ಸಿ

ಚಳಿಗಾಲ ಬಂತೆಂದರೆ ನಮ್ಮ ಪೇಟೆಗಳ ರಸ್ತೆ ಬದಿಯಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಚೌಕಾಸಿ ಮಾಡಿ ಕೊಂಡು ಬರುತ್ತೇವೆ. ಅವರ ಹತ್ತಿರ ಯಾವ ಕಾಗದ ಇದೆ ಅಂತ ನಾವ್ಯಾರೂ ಕೇಳಿಲ್ಲ.

ಅದಕ್ಕೆ ಆರ್‌ಸಿ ಎನ್ನುತ್ತಾರೆ. ಗಾಡಿಯದ್ದಲ್ಲ, ಮನುಷ್ಯರದ್ದು. 'ಇವರು ವಿದೇಶಿ' ಎಂದು ನೋಂದಾಯಿಸಿದ ಪತ್ರ, ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗವನ್ನು ಇವರಿಗೆ ಗುತ್ತಿಗೆಗೆ ಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲೂ ನೆಲೆಯಾಯಿತು. ಅರವತ್ತು ವರ್ಷ ದಾಟಿದೆ.

ಪೌರತ್ವ ಕಾಯ್ದೆಯ ಪ್ರಕಾರ 26 ಜನವರಿ 1950ರಿಂದ 1 ಜುಲೈ 1987ರ ಒಳಗೆ ಇಲ್ಲಿ ಹುಟ್ಟಿದವರು ಭಾರತೀಯರೇ. ಟಿಬೆಟ್‌ನಿಂದ ಬಂದ ಒಂದೇ ತಂದೆತಾಯಿಯ ಮಕ್ಕಳಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು, 1988ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಆ ಅಕ್ಕಂದಿರಿಗೂ ಪಾಸ್‌ಪೋರ್ಟ್ ಸಿಗಲು ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ಸುಳ್ಯದ ಕಡೆ ರಬ್ಬರ್ ತೋಟಕ್ಕೆ ಬಂದ ಲಂಕಾ ತಮಿಳರಿಗೆ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಿಂದ ಪೌರತ್ವ ಸಿಕ್ಕಿತು. 1983ರ ನಂತರ ಯುದ್ಧಕ್ಕೆ ಹೆದರಿ ದೋಣಿ ಹತ್ತಿದವರ ಕುಟುಂಬಗಳು ಇನ್ನೂ ತಮಿಳುನಾಡಿನ ಕ್ಯಾಂಪುಗಳಲ್ಲಿವೆ. ಸಿಂಧನೂರು ಕ್ಯಾಂಪಿನ ಬಂಗಾಳಿಗಳದ್ದು ಇನ್ನೊಂದು ಕಥೆ. 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಆರು ಧರ್ಮದವರಿಗೆ ಮಾತ್ರ. ಟಿಬೆಟ್, ಲಂಕಾ ಅದರಲ್ಲಿಲ್ಲ.

ಇಷ್ಟೆಲ್ಲ ಗೋಜಲಿಗೆ ಕಾರಣ, ನಮ್ಮ ದೇಶದಲ್ಲಿ ನಿರಾಶ್ರಿತರಿಗೆಂದೇ ಒಂದು ಕಾನೂನು ಇಲ್ಲ. 1951ರ ವಿಶ್ವಸಂಸ್ಥೆ ಒಪ್ಪಂದಕ್ಕೂ ಸಹಿ ಹಾಕಿಲ್ಲ. ಒಂದೊಂದು ಗುಂಪಿಗೆ ದೆಹಲಿಯಿಂದ ಒಂದೊಂದು ಆದೇಶ.

'ನಮಗೇ ತುಂಡು ಜಮೀನಿಲ್ಲ, ಅವರಿಗೆ ಯಾಕೆ?' ಎಂಬ ಮಾತು ಟೀ ಅಂಗಡಿಯಲ್ಲಿ ನಾವೂ ಕೇಳಿದ್ದೇವೆ. ಭೂಮಿ ಇಲ್ಲದವರ ಸಿಟ್ಟು ಸುಳ್ಳಲ್ಲ. ಆದರೆ ನಾವು ಕೇಳುತ್ತಿರುವುದು ಜಮೀನಲ್ಲ, ಎಲ್ಲರಿಗೂ ಪೌರತ್ವವೂ ಅಲ್ಲ. ಊರಿಗೆ ವಾಪಸು ಹೋಗುವ ಆಸೆಯಿಂದ ಪೌರತ್ವ ಬೇಡವೆನ್ನುವ ಟಿಬೆಟಿಯನ್ನರೂ ಇದ್ದಾರೆ. ಜೀವ ಉಳಿಸಿಕೊಳ್ಳಲು ಬಂದವರು ಯಾವ ಕಚೇರಿಗೆ ಅರ್ಜಿ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗಬೇಕು, ಬೇಡ ಎಂದರೆ ಯಾರ ಬಳಿ ಮೇಲ್ಮನವಿ ಹಾಕಬೇಕು, ಇಷ್ಟನ್ನು ಸಂಸತ್ತು ಬರೆದಿಡಲಿ. ನಮ್ಮ ರೇಷನ್ ಕಾರ್ಡ್ ಅರ್ಜಿಗೂ ಇದೆಲ್ಲ ಇದೆಯಲ್ಲ.

ಓಟು ಕೇಳಲು ಎಂಪಿ ಅಭ್ಯರ್ಥಿಗಳು ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ. ಆರ್‌ಸಿ ಹಿಡಿದವರಿಗೆ ಓಟಿಲ್ಲ, ಅವರು ಕೇಳುವಂತಿಲ್ಲ.